ಮಧುಗಿರಿ ಬೆಟ್ಟ ಹತ್ತುವಾಗ ಇಲ್ಲದ ತೊಡೆ ನೋವು ಇಳಿದ ಎರಡನೇ ದಿನ ಏಕೆ ಬಂತು?

ಗುಮಾಸ್ತ (ತುಮಕೂರು), ಮಂಗಳವಾರ ರಾತ್ರಿ

ಭಾನುವಾರ ಮಗಳ ಹಟಕ್ಕೆ ಮಣಿದು ಮಧುಗಿರಿ ಬೆಟ್ಟ ಹತ್ತಿದೆ. ನಮ್ಮಜ್ಜಿ ಅದನ್ನು ಕೊನೆಯವರೆಗೂ ಮದ್ದಗಿರಿ ಎಂದೇ ಕರೆಯುತ್ತಿದ್ದರು. ನನಗೆ ನಲವತ್ತಾರು ವರ್ಷ, ಕೆಲಸ ಕುರ್ಚಿಯ ಮೇಲೆ, ವ್ಯಾಯಾಮ ಎಂದರೆ ಮನೆಯಿಂದ ಬಸ್ ನಿಲ್ದಾಣ. ಹತ್ತುವಾಗ ಎದೆ ಬಡಿತ ಕಿವಿಯಲ್ಲಿ ಕೇಳುತ್ತಿತ್ತು, ಹತ್ತು ಹೆಜ್ಜೆಗೊಮ್ಮೆ ಕೂರುತ್ತಿದ್ದೆ. ಇಳಿಯುವಾಗ ಉಸಿರಿಗೆ ಏನೂ ತೊಂದರೆ ಇರಲಿಲ್ಲ. ಬಂಡೆ ಜಾರುವ ಕಡೆ ಕಂಬಿ ಹಿಡಿದು, ಕಂಬಿ ಇಲ್ಲದ ಕಡೆ ನಾಚಿಕೆ ಬಿಟ್ಟು ಕುಳಿತುಕೊಂಡೇ ಜಾರಿದೆ. ಕೆಳಗೆ ಬಂದು ಮಜ್ಜಿಗೆ ಕುಡಿದಾಗ ‘ಇಷ್ಟೇನಾ’ ಎನಿಸಿತ್ತು.

ಸೋಮವಾರ ಸ್ವಲ್ಪ ಬಿಗಿ. ಇಂದು ಬೆಳಿಗ್ಗೆ ಎದ್ದರೆ ತೊಡೆಯ ಮುಂಭಾಗ ಯಾರೋ ಒನಕೆಯಲ್ಲಿ ಕುಟ್ಟಿದಂತಿದೆ. ವಿಚಿತ್ರ ಏನೆಂದರೆ, ಕಚೇರಿಯ ಮೆಟ್ಟಿಲು ಹೇಗೋ ಹತ್ತುತ್ತೇನೆ, ಇಳಿಯಲು ಆಗುವುದಿಲ್ಲ. ಗೋಡೆ ಹಿಡಿದು ಅಡ್ಡಡ್ಡ ಇಳಿಯುತ್ತಿದ್ದೇನೆ. ಶೌಚಾಲಯದಲ್ಲಿ ಕುಕ್ಕರುಗಾಲಿನಲ್ಲಿ ಕೂರುವ ಕಷ್ಟವನ್ನು ಇಲ್ಲಿ ವರ್ಣಿಸುವುದಿಲ್ಲ.

ಒಂಬತ್ತನೇ ತರಗತಿಯ ಮಗಳು ಹೇಳುವುದು ಹೀಗೆ: ಮಾಂಸಖಂಡ ಕುಗ್ಗಿದರೆ ಕೆಲಸ, ಹಿಗ್ಗಿದರೆ ವಿಶ್ರಾಂತಿ. ಹಾಗಾದರೆ ಇಳಿಯುವಾಗ ನಾನು ಏನನ್ನೂ ಎತ್ತಲಿಲ್ಲವಲ್ಲ? ಭೂಮಿಯೇ ಎಳೆದುಕೊಂಡಿತು. ಕೆಲಸ ಮಾಡದ ದಾರಿಗೆ ನೋವೇಕೆ? ತಿಳಿದವರು ಹೇಳಿ.

ಎರಡನೇ ಪಾಳಿ (ವಸಂತನರಸಾಪುರ)

ಅಣ್ಣ, ಅದು ಲ್ಯಾಕ್ಟಿಕ್ ಆಮ್ಲ. ಮಾಂಸಖಂಡದಲ್ಲಿ ತುಂಬಿಕೊಂಡಿರುತ್ತದೆ. ನಿಂಬೆಹಣ್ಣಿನ ಪಾನಕ ಕುಡಿದು ಮಲಗಿ, ಕರಗುತ್ತದೆ. ನಮ್ಮ ಕಾರ್ಖಾನೆಯ ಕಬಡ್ಡಿ ತಂಡದ ಎಲ್ಲರೂ ಇದನ್ನೇ ಹೇಳುತ್ತಾರೆ.

ಕೀಲೆಣ್ಣೆ (ತುಮಕೂರು)

ನಾನು ಫಿಸಿಯೋಥೆರಪಿ ಮಾಡುವವನು. ಊರು ಹೇಳಿದ್ದೇನೆ, ಕ್ಲಿನಿಕ್ಕಿನ ಹೆಸರು ಹೇಳಿದರೆ ಜಾಹೀರಾತು ಎನ್ನುತ್ತೀರಿ, ಬೇಡ.

ಪಾಳಿಯವರೇ, ಪಾನಕ ಕುಡಿಯಲು ಅಡ್ಡಿಯಿಲ್ಲ, ಬೇಸಿಗೆ. ಆದರೆ ಲ್ಯಾಕ್ಟಿಕ್ ಆಮ್ಲದ ಮೇಲಿನ ಆರೋಪವನ್ನು ಹಿಂತೆಗೆದುಕೊಳ್ಳಿ. ಓಡಿ ನಿಂತ ಮೇಲೆ ಒಂದೆರಡು ಗಂಟೆಯೊಳಗೆ ಅದು ರಕ್ತದಿಂದ ಇಳಿದುಹೋಗಿರುತ್ತದೆ. ಭಾನುವಾರದ್ದು ಮಂಗಳವಾರದವರೆಗೆ ಕಾದು ಕುಳಿತಿರುವುದಿಲ್ಲ.

ಗುಮಾಸ್ತರ ಪ್ರಶ್ನೆಯೊಳಗೇ ಉತ್ತರವಿದೆ. ಇಳಿಯುವಾಗ ಭೂಮಿ ಎಳೆಯುತ್ತದೆ, ನಿಜ. ಅದು ಎಳೆದಷ್ಟನ್ನೂ ಬಿಟ್ಟುಕೊಟ್ಟಿದ್ದರೆ ನೀವು ಇಲ್ಲಿ ಬರೆಯುತ್ತಿರಲಿಲ್ಲ. ಬಾವಿಯಿಂದ ತುಂಬಿದ ಕೊಡ ಸೇದುವಾಗ ಹಗ್ಗ ಎಳೆಯುತ್ತೀರಿ. ಅದೇ ತುಂಬಿದ ಕೊಡವನ್ನು ಮಹಡಿಯಿಂದ ಹಗ್ಗ ಕಟ್ಟಿ ಕೆಳಗಿಳಿಸಿ ನೋಡಿ. ಅಂಗೈ ಉರಿಯುವುದು ಆಗ. ಹಗ್ಗ ಬಿಡುತ್ತಲೂ ಇರಬೇಕು, ಹಿಡಿದೂ ಇರಬೇಕು.

ತೊಡೆಯ ಮುಂಭಾಗದಲ್ಲಿ ನಾಲ್ಕು ತಲೆಯ ಒಂದು ದೊಡ್ಡ ಮಾಂಸಖಂಡವಿದೆ. ಅದು ಮಂಡಿಚಿಪ್ಪನ್ನು ಹಿಡಿದು, ಅದರ ಕೆಳಗಿನ ಪಟ್ಟಿಯ ಮೂಲಕ ಮಂಡಿಯ ಕೆಳಗಿನ ಕಾಲಿನ ಮೂಳೆಗೆ ಅಂಟಿಕೊಂಡಿದೆ. ಮೆಟ್ಟಿಲು ಹತ್ತುವಾಗ ಅದು ಕುಗ್ಗಿ ಮಂಡಿಯನ್ನು ನೇರ ಮಾಡುತ್ತದೆ. ಇಳಿಯುವಾಗ ಮೇಲಿನ ಮೆಟ್ಟಿಲಲ್ಲಿ ಉಳಿದ ಕಾಲಿನ ಮಂಡಿ ನಿಧಾನವಾಗಿ ಮಡಚಬೇಕಲ್ಲ, ಆಗಲೂ ಕೆಲಸ ಅದರದ್ದೇ. ಬಿಗಿ ಹಿಡಿದುಕೊಂಡೇ ಉದ್ದವಾಗುತ್ತದೆ. ಬ್ರೇಕ್ ಹಾಕುವ ಕೆಲಸ. ಮಗಳ ಪುಸ್ತಕ ಸುಳ್ಳಲ್ಲ, ಅರ್ಧ ಹೇಳಿದೆ. ಕುಗ್ಗುತ್ತ ಎಳೆಯುವುದು ಒಂದು, ಕದಲದೆ ಹಿಡಿಯುವುದು ಇನ್ನೊಂದು, ಹಿಗ್ಗುತ್ತ ತಡೆಯುವುದು ಮತ್ತೊಂದು. ಮೂರೂ ಕೆಲಸವೇ.

ಉಸಿರು ಏಕೆ ಹಿಡಿಯಲಿಲ್ಲ? ತಡೆಯುತ್ತ ಇಳಿಯುವುದಕ್ಕೆ ಬೇಕಾದ ಇಂಧನ, ಆಮ್ಲಜನಕ ಎರಡೂ ಎತ್ತುವುದಕ್ಕಿಂತ ಕಡಿಮೆ. ಆದ್ದರಿಂದ ಸುಲಭ ಎನಿಸುತ್ತದೆ. ಆದರೆ ಎಳೆ ಎಳೆಯಾಗಿ ನೋಡಿದರೆ, ಅಭ್ಯಾಸವಿಲ್ಲದ ಮಾಂಸಖಂಡದ ತಂತುಗಳನ್ನು ಎಳೆದು ಬಿಚ್ಚುವುದು ಈ ಕೆಲಸವೇ. ಕಣ್ಣಿಗೆ ಕಾಣದಷ್ಟು ಸಣ್ಣ ಹರುಕುಗಳು. ದೇಹ ಅಲ್ಲಿ ರಿಪೇರಿಗೆ ಇಳಿಯುತ್ತದೆ, ಊತ ಬರುತ್ತದೆ, ನರಗಳು ಚುರುಕಾಗುತ್ತವೆ. ಅದಕ್ಕೆ ಸಮಯ ಹಿಡಿಯುತ್ತದೆ. ಅದಕ್ಕೇ ಎರಡನೇ, ಮೂರನೇ ದಿನಕ್ಕೆ ನೋವು ಜೋರು, ವಾರದೊಳಗೆ ಮಾಯ.

ನಿಧಾನವಾಗಿ ನಡೆದಾಡಿ. ಒಂದೇ ಎಚ್ಚರಿಕೆ: ಮೂತ್ರ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ, ಅಥವಾ ಕಾಲು ಬಲವೇ ಇಲ್ಲದಂತಾದರೆ ಪಾನಕ, ಎಣ್ಣೆ ಎಲ್ಲ ಬಿಟ್ಟು ಆಸ್ಪತ್ರೆಗೆ ಹೋಗಿ.

ಗುಮಾಸ್ತ

ಬಣ್ಣ ಸರಿಯಾಗಿದೆ ಸರ್. ಮಗಳಿಗೆ ಓದಿ ಹೇಳಿದೆ. ‘ಹಾಗಾದರೆ ಪರೀಕ್ಷೆಯಲ್ಲಿ ಏನು ಬರೆಯಲಿ’ ಎಂದು ಕೇಳಿದಳು. ಪುಸ್ತಕದಲ್ಲಿರುವುದನ್ನೇ ಬರೆ ಎಂದೆ. ತಪ್ಪು ಮಾಡಿದೆನೇ?

ಹಳೇ ಮೇಷ್ಟರು (ಕೊರಟಗೆರೆ)

ತಪ್ಪಿಲ್ಲ. ಮೂವತ್ತೊಂದು ವರ್ಷ ನಾನೂ ಅದನ್ನೇ ಬರೆಸಿದ್ದೇನೆ.

ಕೀಲೆಣ್ಣೆಯವರ ಹಗ್ಗದ ಮಾತು ಓದಿ ನನಗೆ ನಮ್ಮ ಹೊಲದ ಕಪಿಲೆ ಬಾವಿ ನೆನಪಾಯಿತು. ಈಗಿನವರಿಗೆ ಗೊತ್ತಿಲ್ಲದಿರಬಹುದು. ಬಾವಿಯ ಬಾಯಲ್ಲಿ ಗಾಲಿ, ಅದರ ಮೇಲೆ ಮಿಣಿ, ಮಿಣಿಯ ತುದಿಗೆ ದೊಡ್ಡ ಚರ್ಮದ ಚೀಲ. ಎತ್ತುಗಳು ಇಳಿಜಾರಿನಲ್ಲಿ ಮುಂದೆ ಹೋದರೆ ಚೀಲ ಮೇಲೆ ಬರುತ್ತದೆ. ನಮ್ಮಪ್ಪ ಮಿಣಿಯ ಮೇಲೇ ಕುಳಿತು ಭಾರ ಕೊಡುತ್ತಿದ್ದರು. ನೀರು ತೊಟ್ಟಿಗೆ ಸುರಿದ ಮೇಲೆ ಎತ್ತುಗಳು ಹಿಂದಕ್ಕೆ ಹೆಜ್ಜೆ ಇಡುತ್ತ ಇಳಿಜಾರು ಏರಬೇಕು. ಮಿಣಿಗೆ ಎಳೆಯಲು ಬರುತ್ತದೆ, ತಳ್ಳಲು ಬರುವುದಿಲ್ಲ. ಚೀಲ ತನ್ನ ಭಾರಕ್ಕೆ ತಾನೇ ಇಳಿಯಬೇಕು. ಎತ್ತು ಗಾಬರಿಯಾಗಿ ಸರಕ್ಕನೆ ಹಿಂದೆ ಬಂದರೆ ಚೀಲ ಬಾವಿಯ ಕಲ್ಲಿಗೆ ಬಡಿಯುತ್ತಿತ್ತು. ಮುಂದೆ ಹೋಗುವುದನ್ನು ಯಾವ ಎತ್ತಾದರೂ ಕಲಿಯುತ್ತದೆ, ಹದವಾಗಿ ಹಿಂದೆ ಬರುವುದನ್ನು ಕಲಿಸಲು ತಿಂಗಳುಗಟ್ಟಲೆ ಬೇಕು ಎನ್ನುತ್ತಿದ್ದರು ಅಪ್ಪ.

ತರಗತಿಯಲ್ಲಿ ನಾನು ಇದನ್ನು ಹೇಳಬೇಕಿತ್ತು. ಹೇಳಿದ್ದು ಎರಡು ರಟ್ಟು, ನಡುವೆ ಒಂದು ಮೊಳೆ, ಎರಡು ಕಡೆ ರಬ್ಬರ್ ಪಟ್ಟಿ. ತೋಳಿನ ಮುಂದಿನದು ಎಳೆದರೆ ಮೊಣಕೈ ಮಡಚುತ್ತದೆ, ಹಿಂದಿನದು ಎಳೆದರೆ ನೇರವಾಗುತ್ತದೆ. ಯಾವ ಮಾಂಸಖಂಡವೂ ತಳ್ಳುವುದಿಲ್ಲ. ಬಾಗಿಲು ತಳ್ಳುವಾಗಲೂ ಒಳಗೆ ನಡೆಯುತ್ತಿರುವುದು ಎಳೆತವೇ.

ಇನ್ನೊಂದು ಲೆಕ್ಕ ಮಕ್ಕಳಿಗೆ ಇಷ್ಟವಾಗುತ್ತಿತ್ತು. ತೋಳಿನ ಮುಂದಿನ ಮಾಂಸಖಂಡ ಮುಂಗೈ ಮೂಳೆಗೆ ಅಂಟಿಕೊಂಡಿರುವುದು ಮೊಣಕೈ ಕೀಲಿನಿಂದ ಕೇವಲ ನಾಲ್ಕೈದು ಸೆಂಟಿಮೀಟರ್ ದೂರದಲ್ಲಿ. ಅಂಗೈ ಇರುವುದು ಸುಮಾರು 35 ಸೆಂಟಿಮೀಟರ್ ದೂರದಲ್ಲಿ. ಮೊಣಕೈ ಮಡಚಿ 5 ಕಿಲೋ ಅಕ್ಕಿ ಹಿಡಿದು ನಿಂತರೆ ಅದು 35ರಿಂದ 40 ಕಿಲೋ ಭಾರಕ್ಕೆ ಸಮನಾದ ಬಲದಿಂದ ಎಳೆಯುತ್ತಿರಬೇಕು. ‘ಇಷ್ಟು ನಷ್ಟದ ವ್ಯಾಪಾರ ಯಾರು ಮಾಡುತ್ತಾರೆ ಸಾರ್’ ಎಂದು ಒಬ್ಬ ಶೆಟ್ಟರ ಹುಡುಗ ಕೇಳಿದ್ದ. ಮಾಂಸಖಂಡ ಒಂದು ಸೆಂಟಿಮೀಟರ್ ಕುಗ್ಗಿದರೆ ಕೈ ಏಳೆಂಟು ಸೆಂಟಿಮೀಟರ್ ಹಾರುತ್ತದೆ. ಬಲ ಕೊಟ್ಟು ವೇಗ ಕೊಂಡುಕೊಳ್ಳುತ್ತದೆ ಕಣಪ್ಪ ಎಂದೆ. ಒಪ್ಪಿಕೊಂಡ.

ಎರಡನೇ ಪಾಳಿ

ಮೇಷ್ಟ್ರೇ, ಪಾನಕದ ವಿಷಯದಲ್ಲಿ ಸೋತೆ. ಇದಕ್ಕೆ ಹೇಳಿ. ಮೊದಲು ಬೆಂಗಳೂರಿನಲ್ಲಿ ಕೆಲಸವಿದ್ದಾಗ ದಿನಾ ಬೆಳಿಗ್ಗೆ ರೈಲಿನಲ್ಲಿ ಹೋಗುತ್ತಿದ್ದೆ. ಕ್ಯಾತ್ಸಂದ್ರ ದಾಟುವಷ್ಟರಲ್ಲಿ ನಿದ್ದೆ. ತಲೆ ಯಾವಾಗಲೂ ಮುಂದಕ್ಕೇ ಬೀಳುತ್ತಿತ್ತು. ಹಿಂದಕ್ಕೆ ಏಕೆ ಬೀಳುವುದಿಲ್ಲ?

ಕೀಲೆಣ್ಣೆ

ತಲೆಬುರುಡೆ ಕತ್ತಿನ ಮೇಲೆ ಕುಳಿತಿರುವ ಜಾಗ ನಡುಮಧ್ಯಕ್ಕಿಂತ ಸ್ವಲ್ಪ ಹಿಂದಿದೆ. ಆದ್ದರಿಂದ ಮುಖದ ಕಡೆಯೇ ಭಾರ ಹೆಚ್ಚು. ತಲೆ ಸುಮಾರು ಐದು ಕಿಲೋ ತೂಗುತ್ತದೆ. ಎಚ್ಚರವಿರುವಷ್ಟು ಹೊತ್ತೂ ಕತ್ತಿನ ಹಿಂಭಾಗದ ಮಾಂಸಖಂಡಗಳು ಅದನ್ನು ಹಿಂದಕ್ಕೆ ಜಗ್ಗಿ ಹಿಡಿದಿರುತ್ತವೆ. ನಿದ್ದೆ ಬಂದರೆ ಲಗಾಮು ಸಡಿಲ. ಮೊಬೈಲ್ ನೋಡುತ್ತ ತಲೆ ತಗ್ಗಿಸಿದರೆ ಭಾರ ಇನ್ನೂ ಮುಂದೆ ಸರಿಯುತ್ತದೆ, ಹಿಂದಿನವು ಇನ್ನೂ ಜೋರಾಗಿ ಜಗ್ಗಬೇಕು. ಈ ಸಾಲನ್ನು ಓದುತ್ತಿರುವಾಗ ನಿಮ್ಮ ತಲೆ ಎಲ್ಲಿದೆ ನೋಡಿಕೊಳ್ಳಿ.

ಮುದ್ದೆಕೋಲು (ತುಮಕೂರು)

ನಾನು ಒಂದು ವಿದ್ಯಾರ್ಥಿನಿಲಯದಲ್ಲಿ ಅಡುಗೆ ಮಾಡುತ್ತೇನೆ. ದಿನಾ ರಾತ್ರಿ ಎಂಬತ್ತು ಮಕ್ಕಳಿಗೆ ಮುದ್ದೆ. ಎಸರು ಮರಳಿದ ಮೇಲೆ ಹಿಟ್ಟು ಸುರಿದು, ನಡುವೆ ಕೋಲಿನಿಂದ ತೂತು ಮಾಡಿ ಬೇಯಲು ಬಿಡುತ್ತೇವೆ. ಅಲ್ಲಿಯವರೆಗೆ ಕಷ್ಟವಿಲ್ಲ. ತಿರುವಲು ಶುರು ಮಾಡಿದಾಗ ಹಿಟ್ಟು ಕೋಲನ್ನು ಬಿಡುವುದಿಲ್ಲ. ಎರಡು ಕೈಯಲ್ಲಿ ಹಿಡಿದು ಪಾತ್ರೆಯ ಅಂಚಿಗೆ ಒತ್ತಿ ಒತ್ತಿ ತಿರುವಬೇಕು. ಗಂಟು ಉಳಿದರೆ ಮಕ್ಕಳು ತಟ್ಟೆಯ ಪಕ್ಕಕ್ಕೆ ಎತ್ತಿಟ್ಟು ನನಗೆ ತೋರಿಸುತ್ತಾರೆ.

ಮೂರು ತಿಂಗಳಿಂದ ಬಲ ಮೊಣಕೈಯ ಹೊರಗಡೆ, ಮೂಳೆ ಉಬ್ಬಿರುವ ಜಾಗದಲ್ಲಿ ನೋವು. ಬಟ್ಟೆ ಹಿಂಡಿದರೆ ಪ್ರಾಣ ಹೋಗುತ್ತದೆ. ಮೊಣಕೈಗೆ ಏಟು ಬಿದ್ದಿಲ್ಲ. ಹಿಡಿಯುವುದು ಬೆರಳು, ತಿರುವುವುದು ಭುಜ. ನಡುವೆ ಇರುವ ಮೊಣಕೈಗೆ ಏಕೆ ಶಿಕ್ಷೆ? ಒಂದು ಕಡೆ ತೋರಿಸಿದೆ. ಕೈ ಮುಟ್ಟಿಯೂ ನೋಡದೆ, ವಯಸ್ಸಾಯಿತು ಎಂದು ಗುಳಿಗೆ ಬರೆದುಕೊಟ್ಟರು. ನನಗೆ ಮೂವತ್ತೆಂಟು.

ಕೀಲೆಣ್ಣೆ

ಅಕ್ಕ, ಇದು ಒಳ್ಳೆಯ ಪ್ರಶ್ನೆ. ಸ್ವಲ್ಪ ಉದ್ದ ಹೇಳುತ್ತೇನೆ.

ಮೊದಲು ಇದನ್ನು ಮಾಡಿ ನೋಡಿ. ಎಡಗೈಯಿಂದ ನಿಮ್ಮ ಬಲ ಮುಂಗೈಯನ್ನು, ಮೊಣಕೈಗೆ ಸ್ವಲ್ಪ ಕೆಳಗೆ ಹಿಡಿದುಕೊಳ್ಳಿ. ಈಗ ಬಲಗೈ ಬೆರಳುಗಳನ್ನು ವೀಣೆ ನುಡಿಸುವ ಹಾಗೆ ಆಡಿಸಿ. ಎಡಗೈ ಕೆಳಗೆ ಏನೋ ಹರಿದಾಡಿದಂತೆ ಆಗುತ್ತದಲ್ಲವೇ? ಬೆರಳನ್ನು ಮಡಿಸುವ ದೊಡ್ಡ ಮಾಂಸಖಂಡಗಳು ಇರುವುದು ಅಲ್ಲಿ. ಅಂಗೈಯಲ್ಲಿ ಕೆಲವು ಚಿಕ್ಕವು ಇವೆ. ಬೆರಳಿನೊಳಗೆ ಮೂಳೆ, ಕೀಲು, ದಾರದಂತಹ ಸ್ನಾಯುರಜ್ಜು ಅಷ್ಟೇ. ತೊಗಲುಬೊಂಬೆ ಆಡಿಸುವವನು ಪರದೆಯ ಹಿಂದೆ ಕುಳಿತಿರುವ ಹಾಗೆ, ಬೆರಳಾಡಿಸುವವರು ಮುಂಗೈಯಲ್ಲಿ ಕುಳಿತಿದ್ದಾರೆ.

ಈಗ ಎರಡನೆಯದು. ಮಣಿಕಟ್ಟನ್ನು ಒಳಗಡೆಗೆ ಪೂರ್ತಿ ಬಗ್ಗಿಸಿ, ಹಾಗೇ ಇಟ್ಟುಕೊಂಡು ಮುಷ್ಟಿ ಕಟ್ಟಲು ನೋಡಿ. ಬಿಗಿಯಾಗುವುದಿಲ್ಲ. ಮಣಿಕಟ್ಟನ್ನು ಸ್ವಲ್ಪ ಹಿಂದಕ್ಕೆ ಎತ್ತಿದರೆ ಮುಷ್ಟಿ ಬಿಗಿಯಾಗುತ್ತದೆ. ಬೆರಳಿನ ದಾರಗಳು ಮಣಿಕಟ್ಟನ್ನು ಹಾದುಹೋಗುವುದರಿಂದ, ಅವು ಎಳೆದರೆ ಬೆರಳಿನ ಜೊತೆ ಮಣಿಕಟ್ಟೂ ಒಳಗೆ ಬಗ್ಗಲು ನೋಡುತ್ತದೆ. ಅದು ಬಗ್ಗದಂತೆ ಹಿಂದಿನಿಂದ ಯಾರಾದರೂ ಜಗ್ಗಿ ಹಿಡಿಯಬೇಕು. ಜಗ್ಗುವವರು ಮುಂಗೈಯ ಬೆನ್ನಿನ ಕಡೆ ಇರುವ ಮಾಂಸಖಂಡಗಳು. ಅವುಗಳಲ್ಲಿ ಬಹುಪಾಲು ಹುಟ್ಟುವುದು ನೀವು ಹೇಳಿದ ಮೊಣಕೈಯ ಹೊರ ಉಬ್ಬಿನಲ್ಲಿ.

ಕೋಲನ್ನು ಬಿಗಿಯಾಗಿ ಹಿಡಿದಷ್ಟೂ ಆ ಉಬ್ಬಿನ ಮೇಲೆ ಜಗ್ಗಾಟ. ಬಟ್ಟೆ ಹಿಂಡುವಾಗಲೂ ಅದೇ. ಹಾಲಿನ ಪಾತ್ರೆಯನ್ನು ಅಂಗೈ ಕೆಳಮುಖ ಮಾಡಿ ಎತ್ತಿದರೆ ನೋಯುತ್ತದೆ, ಅಂಗೈ ಮೇಲ್ಮುಖ ಮಾಡಿ ಎತ್ತಿದರೆ ಅಷ್ಟು ನೋಯುವುದಿಲ್ಲ, ಹೌದೇ? ಹೌದಾದರೆ ಇದು ಟೆನಿಸ್ ಎಲ್ಬೋ ಎನ್ನುವ ತೊಂದರೆ ಇರಬಹುದು. ಟೆನಿಸ್ ಆಡದವರಿಗೇ ಹೆಚ್ಚು ಬರುತ್ತದೆ. ನಮ್ಮ ಕಡೆಯವರು ಹೆಸರಿಟ್ಟಿದ್ದರೆ ಮುದ್ದೆ ಮೊಣಕೈ ಎನ್ನುತ್ತಿದ್ದರು.

ಕೈ ಮುಟ್ಟಿ ನೋಡುವ ವೈದ್ಯರಿಗೆ ಒಮ್ಮೆ ತೋರಿಸಿ. ಅಲ್ಲಿಯವರೆಗೆ ಕೋಲಿನ ಹಿಡಿಗೆ ಬಟ್ಟೆ ಸುತ್ತಿ ದಪ್ಪ ಮಾಡಿ, ಸಣ್ಣ ಹಿಡಿಗೆ ಹೆಚ್ಚು ಬಿಗಿ ಬೇಕಾಗುತ್ತದೆ. ಒಲೆ ಎತ್ತರವಾಗಿದ್ದರೆ ನೀವು ಮಣೆಯ ಮೇಲೆ ನಿಂತುಕೊಳ್ಳಿ. ಆಗ ಭುಜ ಮತ್ತು ಮೈಭಾರದಿಂದ ಒತ್ತಬಹುದು.

ಮುದ್ದೆಕೋಲು

ಹಾಲಿನ ಪಾತ್ರೆ ಎತ್ತಿ ನೋಡಿದೆ. ನೀವು ಹೇಳಿದ ಹಾಗೆಯೇ ಇದೆ. ಮಣೆಗೆ ವಾರ್ಡನ್ ಮೇಡಂ ಅವರನ್ನು ಕೇಳುತ್ತೇನೆ.

ಸಲಾಕೆ (ತಿಪಟೂರು)

ಬಿಗಿ ಹಿಡಿಯುವ ಮಾತು ಬಂದಿದ್ದರಿಂದ ಬರೆಯುತ್ತಿದ್ದೇನೆ. ನಮ್ಮದು ತೆಂಗಿನ ತೋಟ. ಕಾಯಿ ಸುಲಿಯಲು ಬರುವವರು ಒಬ್ಬರಿದ್ದಾರೆ, ಅರವತ್ತು ದಾಟಿದೆ, ನನ್ನ ಅರ್ಧ ಮೈಯಿಲ್ಲ. ನೆಲಕ್ಕೆ ನೆಟ್ಟ ಸಲಾಕೆಗೆ ಕಾಯನ್ನು ಕುಕ್ಕಿ, ಒತ್ತಿ, ಸ್ವಲ್ಪ ತಿರುಚುತ್ತಾರೆ. ಸಿಪ್ಪೆ ಬಾಯಿ ಬಿಡುತ್ತದೆ. ಮೂರು ಸಲ ಹೀಗೆ ಮಾಡಿದರೆ ಕಾಯಿ ಬರಿಗಾಯಿ. ಮಾತಾಡುತ್ತಲೇ ಇರುತ್ತಾರೆ, ಎಲೆ ಅಡಿಕೆಯೂ ನಡೆಯುತ್ತಿರುತ್ತದೆ. ಬೆಳಿಗ್ಗೆಯಿಂದ ಸಂಜೆಯವರೆಗೆ ನೂರಾರು ಕಾಯಿ.

ನಾನು ಜಿಮ್‌ಗೆ ಹೋಗುವವನು. ಹದಿನೈದು ಕಾಯಿ ಸುಲಿದು ಕೈ ನಡುಗಿ ಕುಳಿತೆ. ಅವರು ನಕ್ಕು ‘ಕಾಯಿಯ ಮೇಲೆ ನಿಮಗೆ ಸಿಟ್ಟು ಜಾಸ್ತಿ ಬುದ್ಧಿ’ ಎಂದರು. ನನ್ನ ಬಲ ಎಲ್ಲಿ ಹೋಯಿತು?

ಕೀಲೆಣ್ಣೆ

ನಿಮ್ಮ ಬಲದೊಂದಿಗೆ ನಿಮ್ಮ ಬಲವೇ ಜಗಳವಾಡಿತು.

ಹೊಸ ಕೆಲಸ ಮಾಡುವಾಗ ಕೀಲಿನ ಎರಡೂ ಕಡೆಯ ಮಾಂಸಖಂಡಗಳು ಒಟ್ಟಿಗೆ ಬಿಗಿಯುತ್ತವೆ. ಮಡಚುವವನೂ ಎಳೆಯುತ್ತಾನೆ, ನೇರ ಮಾಡುವವನೂ ಎಳೆಯುತ್ತಾನೆ. ಕೈ ಅಲುಗಾಡದೆ ಗಟ್ಟಿಯಾಗಿರುತ್ತದೆ, ಸಲಾಕೆಯ ಮೊನೆ ಎದುರಿಗಿರುವಾಗ ಅದು ಬೇಕು ಕೂಡ. ಆದರೆ ಕಾಯಿಗೆ ಹೋಗಬೇಕಾದ ಬಲದಲ್ಲಿ ಬಹುಪಾಲು ಒಳಗೇ ಖರ್ಚು. ಎಲ್‌ಕೆಜಿ ಮಗು ಮೊದಲ ಸಲ ಪೆನ್ಸಿಲ್ ಹಿಡಿಯುವುದನ್ನು ನೋಡಿ. ನಾಲಿಗೆ ಹೊರಗೆ, ಭುಜ ಕಿವಿಯ ಹತ್ತಿರ, ಕಾಗದ ತೂತು. ಸ್ಕೂಟರ್ ಕಲಿಯುವವರು ಹ್ಯಾಂಡಲ್ ಹಿಸುಕುವುದೂ ಹಾಗೆಯೇ. ಅಭ್ಯಾಸವಾದಂತೆ ಮಿದುಳು ಕಲಿಯುವುದು ಮುಖ್ಯವಾಗಿ ಇದನ್ನೇ: ಯಾವುದನ್ನು, ಯಾವ ಕ್ಷಣದಲ್ಲಿ, ಎಷ್ಟು ಸಡಿಲ ಬಿಡಬೇಕು. ಮೇಷ್ಟರ ಅಪ್ಪ ಎತ್ತಿಗೆ ಕಲಿಸುತ್ತಿದ್ದದ್ದು.

ಇನ್ನೊಂದು ಗಮನಿಸಿ. ಅವರು ಕೈಯಿಂದ ಒತ್ತುತ್ತಾರೆಯೇ? ನನಗೆ ಅನಿಸುವುದು, ಸೊಂಟದಿಂದ ಬಾಗಿ ಮೈಭಾರ ಬಿಡುತ್ತಾರೆ, ಕೈಗಳು ಬರೀ ಕಂಬ.

ಸಲಾಕೆ

ಇಂದು ಬೆಳಿಗ್ಗೆ ಗಮನಿಸಿದೆ. ಒತ್ತುವ ಕ್ಷಣಕ್ಕೆ ಹಿಮ್ಮಡಿ ನೆಲ ಬಿಡುತ್ತದೆ! ಇಷ್ಟು ವರ್ಷ ಅವರ ಕೈಯನ್ನೇ ನೋಡುತ್ತಿದ್ದೆ.

ಮೂಲಿಕಾ ತೈಲ

ಎಲ್ಲ ಕೀಲು ನೋವಿಗೂ ಒಂದೇ ಪರಿಹಾರ. ಏಳು ದಿನದಲ್ಲಿ ಕೀಲಿನೊಳಗೆ ಎಣ್ಣೆ ಇಳಿದು

*(ಉಳಿದ ಭಾಗವನ್ನು ಮತ್ತು ದೂರವಾಣಿ ಸಂಖ್ಯೆಯನ್ನು ನಿರ್ವಾಹಕರು ತೆಗೆದಿದ್ದಾರೆ.)*

ಕೀಲೆಣ್ಣೆ

ನನ್ನ ಹೆಸರಿನ ಮರ್ಯಾದೆಗಾಗಿ ಒಂದು ಮಾತು. ಹಚ್ಚಿದ ಎಣ್ಣೆ ಚರ್ಮ ದಾಟಿ ಕೀಲಿಗೆ ಇಳಿಯುವುದಿಲ್ಲ. ಬಿಸಿ ಎಣ್ಣೆ ಹಚ್ಚಿ ತಿಕ್ಕಿದರೆ ಮಾಂಸಖಂಡ ಸಡಿಲವಾಗುತ್ತದೆ, ಹಾಯೆನಿಸುತ್ತದೆ, ಅಷ್ಟು ಲಾಭ ನಿಜ. ಕೀಲಿಗೆ ಬೇಕಾದ ಎಣ್ಣೆಯನ್ನು ಕೀಲಿನ ಒಳಪೊರೆಯೇ ಮಾಡಿಕೊಳ್ಳುತ್ತದೆ. ಮೂಳೆಗಳ ತುದಿಯಲ್ಲಿರುವ ನುಣುಪಾದ ಮೃದ್ವಸ್ಥಿಗೆ ರಕ್ತನಾಳಗಳಿಲ್ಲ, ಅದು ಊಟ ಮಾಡುವುದೂ ಈ ದ್ರವದಿಂದಲೇ. ಹೆಜ್ಜೆ ಊರಿದಾಗ ಒತ್ತಿ, ಎತ್ತಿದಾಗ ಬಿಟ್ಟು, ಸ್ಪಂಜಿನಂತೆ ಹೀರಿಕೊಳ್ಳುತ್ತದೆ.

ಎರಡನೇ ಪಾಳಿ

ನೆಟಿಗೆ ಮುರಿದರೆ ಆ ಎಣ್ಣೆ ಒಣಗುತ್ತದೆಯೇ? ನಮ್ಮಮ್ಮ ಬೈಯುತ್ತಾರೆ. ಆದರೆ ನನ್ನ ಮಗನಿಗೆ ದೃಷ್ಟಿ ತೆಗೆಯುವಾಗ ತಾವೇ ಹತ್ತೂ ಬೆರಳು ನೆಟಿಗೆ ಮುರಿಯುತ್ತಾರೆ.

ಕೀಲೆಣ್ಣೆ

ಒಣಗುವುದಿಲ್ಲ. ಕೀಲನ್ನು ಎಳೆದಾಗ ಒಳಗಿನ ಒತ್ತಡ ಇಳಿದು, ದ್ರವದಲ್ಲಿ ಕರಗಿದ ಅನಿಲದ ಗುಳ್ಳೆಯಿಂದ ಆ ಸದ್ದು ಬರುತ್ತದೆ. ಅದಕ್ಕೇ ತಕ್ಷಣ ಮತ್ತೆ ಮುರಿದರೆ ಸದ್ದು ಬರುವುದಿಲ್ಲ. ಅಮೆರಿಕದ ಡೊನಾಲ್ಡ್ ಉಂಗರ್ ಎಂಬ ವೈದ್ಯರು ದಶಕಗಳ ಕಾಲ ಎಡಗೈ ಬೆರಳುಗಳನ್ನು ಮಾತ್ರ ಮುರಿದು, ಬಲಗೈಯನ್ನು ಬಿಟ್ಟು, ಎರಡರಲ್ಲೂ ಸಂಧಿವಾತ ಬಂದಿಲ್ಲ ಎಂದು ವರದಿ ಮಾಡಿದರು. 2009ರಲ್ಲಿ ಅವರಿಗೆ ಇಗ್ ನೊಬೆಲ್ ಎಂಬ ತಮಾಷೆಯ ಪ್ರಶಸ್ತಿ ಬಂತು. ಒಬ್ಬರ ಕೈಯಿಂದ ಸಿದ್ಧಾಂತ ಆಗುವುದಿಲ್ಲ, ಆದರೂ ಹಟ ಮೆಚ್ಚಬೇಕು. ಅಮ್ಮನಿಗೆ ತೋರಿಸಿ.

ಕಡಲೆಕಾಯಿ (ಪಾವಗಡ)

ನಿಮ್ಮ ಬೆಟ್ಟ, ಮುದ್ದೆಯ ನಡುವೆ ನಮ್ಮ ಕಡೆಯದೂ ಒಂದು. ನಮ್ಮ ದೊಡ್ಡಪ್ಪ ಕತ್ತು ತಿರುಗಿಸಲಾರರು. ಹಿಂದಿನಿಂದ ಕರೆದರೆ ಇಡೀ ಮೈ ತಿರುಗಿಸಿ ನೋಡುತ್ತಾರೆ. ಬೆನ್ನು ಬಗ್ಗಿದ್ದು ಹಾಗೇ ನಿಂತಿದೆ. ನೆಲದ ಮೇಲೆ ಊಟಕ್ಕೆ ಕೂರುವುದನ್ನು ಬಿಟ್ಟು ಎಷ್ಟೋ ವರ್ಷವಾಯಿತು. ಕಡಲೆಕಾಯಿ ಹೊಲದಲ್ಲಿ ಬಗ್ಗಿ ಬಗ್ಗಿ ಹೀಗಾಯಿತು ಎನ್ನುತ್ತಾರೆ ಮನೆಯವರು. ಬಗ್ಗಿ ಕೆಲಸ ಮಾಡಿದವರು ಎಲ್ಲ ಊರಲ್ಲೂ ಇದ್ದಾರಲ್ಲ. ವ್ಯಾಯಾಮ ಮಾಡಿಸಿದರೆ ಬಿಡುತ್ತದೆಯೇ ಸರ್?

ಕೀಲೆಣ್ಣೆ

ನೋಡದೆ ಖಚಿತವಾಗಿ ಹೇಳಲಾರೆ. ಆದರೆ ಪಾವಗಡ ಎಂದ ಕೂಡಲೇ ಅಲ್ಲಿನ ಕೊಳವೆಬಾವಿ ನೀರಿನ ಬಗ್ಗೆ ಮೊದಲು ಕೇಳಬೇಕಾದ ಪ್ರಶ್ನೆ ಫ್ಲೋರೈಡ್. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ. ಅದಕ್ಕಿಂತ ಬಹಳ ಹೆಚ್ಚಿರುವ ನೀರನ್ನು ವರ್ಷಾನುಗಟ್ಟಲೆ ಕುಡಿದರೆ ಮೂಳೆ ದಪ್ಪವಾಗುತ್ತದೆ, ಮೂಳೆಗೆ ಮೂಳೆಯನ್ನು ಕಟ್ಟಿರುವ ಅಸ್ಥಿರಜ್ಜುಗಳು ಸುಣ್ಣಗಟ್ಟುತ್ತವೆ. ಆಗ ಮಾಂಸಖಂಡ ಎಷ್ಟು ಎಳೆದರೂ ಕೀಲು ಕದಲುವುದಿಲ್ಲ. ತುಕ್ಕು ಹಿಡಿದ ಅಗುಳಿಯ ಮುಂದೆ ತೋಳಿನ ಬಲ ಏನು ಮಾಡೀತು?

ಸುಣ್ಣಗಟ್ಟಿದ್ದನ್ನು ವ್ಯಾಯಾಮ ಕರಗಿಸುವುದಿಲ್ಲ. ಬಲವಂತವಾಗಿ ಕತ್ತು ತಿರುಗಿಸುವವರ ಕೈಗೆ ದಯವಿಟ್ಟು ಕೊಡಬೇಡಿ. ಎಕ್ಸ್‌ರೇ ಮಾಡಿಸಿ. ನೀರನ್ನು ಪರೀಕ್ಷೆಗೆ ಕೊಡಿ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾಗಿ ಉಳಿದದ್ದರಲ್ಲಿ ಇನ್ನೂ ಗಟ್ಟಿಯಾಗುತ್ತದೆ. ಶುದ್ಧ ನೀರಿನ ಘಟಕದ ನೀರನ್ನು ಕುಡಿಯಲು ಮಾತ್ರವಲ್ಲ, ಸಾರು ಮುದ್ದೆಗೂ ಬಳಸಿ. ಮನೆಯ ಮಕ್ಕಳ ಹಲ್ಲಿನ ಮೇಲೆ ಕಂದು ಮಚ್ಚೆ ಇದೆಯೇ ನೋಡಿ.

ಕಡಲೆಕಾಯಿ

ಇದೆ. ಇಬ್ಬರಿಗೆ.

ದೊಡ್ಡಮಗ (ಗುಬ್ಬಿ)

ಅಪ್ಪನಿಗೆ ಎಪ್ಪತ್ತೆರಡು. ಬಲ ಸೊಂಟದ ಕೀಲು ಸವೆದಿದೆ. ಕೋಲು ಹಿಡಿಯಿರಿ ಎಂದರು ವೈದ್ಯರು, ಅದೂ ಎಡಗೈಯಲ್ಲಿ. ಅಪ್ಪ ಒಪ್ಪುತ್ತಿಲ್ಲ. ‘ನೋವು ಬಲಕ್ಕೆ, ಕೋಲು ಎಡಕ್ಕೆ ಕೊಟ್ಟರೆ ಊರವರು ನಗುತ್ತಾರೆ. ಗೋಡೆ ಬಲಕ್ಕೆ ವಾಲಿದರೆ ಊರೆಗೋಲು ಎಡಕ್ಕೆ ಕೊಡುತ್ತಾರಾ’ ಎನ್ನುತ್ತಾರೆ. ನನಗೆ ಉತ್ತರ ಹೊಳೆಯಲಿಲ್ಲ.

ಎರಡನೇ ಪಾಳಿ

ಅಪ್ಪನ ಮಾತೇ ಸರಿ ಕಾಣುತ್ತದೆ ಅಣ್ಣ. ನಮ್ಮ ತಾತನೂ ನೋವಿರುವ ಕಡೆಯೇ ಹಿಡಿದು ತೊಂಬತ್ತು ವರ್ಷ ಬದುಕಿದರು. ಸಿನಿಮಾದಲ್ಲೂ ಹಾಗೇ ಹಿಡಿಯುತ್ತಾರೆ.

ಕೀಲೆಣ್ಣೆ

ಸಿನಿಮಾದವರ ಸೊಂಟ ಚೆನ್ನಾಗಿರುತ್ತದೆ.

ದೊಡ್ಡಮಗ, ಅಪ್ಪನಿಗೆ ಗೋಡೆಯ ಬದಲು ತಕ್ಕಡಿ ತೋರಿಸಿ. ನಡೆಯುವುದು ಎಂದರೆ ಒಂದರ ನಂತರ ಒಂದು ಕಾಲಲ್ಲಿ ನಿಲ್ಲುವುದು. ಬಲಗಾಲಲ್ಲಿ ನಿಂತ ಕ್ಷಣದಲ್ಲಿ ಆಸರೆ ಬಲ ಸೊಂಟದ ಗುಂಡಿ ಒಂದೇ. ಮೈಭಾರವೆಲ್ಲ ಅದರ ಎಡಕ್ಕಿದೆ. ಎಡಗಾಲೂ ಗಾಳಿಯಲ್ಲಿದೆ. ಸೊಂಟ ಎಡಕ್ಕೆ ಕುಸಿಯಬೇಕು, ಕುಸಿಯುವುದಿಲ್ಲ. ಏಕೆಂದರೆ ಬಲಗಡೆ, ಪೃಷ್ಠದ ಹೊರಮಗ್ಗುಲಲ್ಲಿ ಬೀಸಣಿಗೆಯಾಕಾರದ ಮಾಂಸಖಂಡವೊಂದು ಕೆಳಕ್ಕೆ ಜಗ್ಗಿ ಸಮ ಮಾಡುತ್ತಿರುತ್ತದೆ. ಬಲಗಾಲಲ್ಲಿ ನಿಂತು ಕೈಯಿಟ್ಟು ನೋಡಿ, ಕಲ್ಲಿನಂತಾಗುತ್ತದೆ.

ತಕ್ಕಡಿಯ ಎಡಗೋಲು ಉದ್ದ, ಬಲಗೋಲು ಗಿಡ್ಡ. ಗಿಡ್ಡ ಕಡೆಯಿಂದ ಸಮ ಮಾಡಲು ಹೆಚ್ಚು ಬಲ ಬೇಕು. ಮೈಭಾರ, ಈ ಜಗ್ಗಾಟ ಎರಡೂ ಸೇರಿ ಆ ಒಂದು ಗುಂಡಿಯ ಮೇಲೆ ಬೀಳುತ್ತವೆ. ಸುಮ್ಮನೆ ನಡೆಯುವಾಗಲೇ ಮೈತೂಕದ ಎರಡು ಮೂರು ಪಟ್ಟು.

ಈಗ ಎಡಗೈಯ ಕೋಲು. ಅದು ನೆಲವನ್ನು ಒತ್ತಿದರೆ ಎಡಗೋಲಿನ ತುದಿಯನ್ನು ಮೇಲಕ್ಕೆತ್ತಿದಂತೆ. ಕೀಲಿನಿಂದ ದೂರವಿರುವುದರಿಂದ ಸ್ವಲ್ಪ ಒತ್ತಿದರೂ ಸಾಕು, ಬಲಗಡೆಯ ಮಾಂಸಖಂಡ ಅಷ್ಟು ಜಗ್ಗಬೇಕಿಲ್ಲ. ಕೋಲನ್ನೂ ನೋವಿನ ಕಾಲನ್ನೂ ಒಟ್ಟಿಗೆ ಊರಬೇಕು. ಮಂಡಿ ನೋವಿಗೂ ಎದುರು ಕೈಯಲ್ಲೇ ಹಿಡಿಯಲು ಹೇಳುತ್ತೇವೆ. ಕೋಲಿನ ಹಿಡಿ ಮಣಿಕಟ್ಟಿನ ಎತ್ತರಕ್ಕಿರಲಿ.

ಬಲಗೈಯಲ್ಲಿ ಹಿಡಿದರೆ ಪ್ರಯೋಜನವೇ ಇಲ್ಲ ಎನ್ನುವುದಿಲ್ಲ. ಮೈಯನ್ನು ಕೋಲಿನ ಕಡೆ ವಾಲಿಸಿ, ಕುಂಟುತ್ತ ನಡೆಯುತ್ತಾರೆ, ಅಷ್ಟೇ.

ಹಳೇ ಮೇಷ್ಟರು

ಎದ್ದು ಒಂದು ಕಾಲಲ್ಲಿ ನಿಂತು ಮುಟ್ಟಿ ನೋಡಿದೆ. ನಮ್ಮ ಮನೆಯವರು ಏನು ಮಾಡುತ್ತಿದ್ದೀರಿ ಎಂದು ಕೇಳಿದರು. ನಾನು ಹಿಡಿಯುತ್ತಿದ್ದ ಕೋಲೂ ತಪ್ಪು ಕೈಯಲ್ಲಿತ್ತು, ಆರು ವರ್ಷದಿಂದ.

ಗುಮಾಸ್ತ, ಎರಡು ವಾರದ ನಂತರ

ನೋವು ಶುಕ್ರವಾರಕ್ಕೆ ಹೋಯಿತು. ನಿನ್ನೆ ಮತ್ತೆ ಮಧುಗಿರಿಗೆ ಹೋಗಿದ್ದೆವು. ಈ ಸಲ ಇಳಿಯುವಾಗ ಚಿಕ್ಕ ಹೆಜ್ಜೆ, ಮಂಡಿ ಸ್ವಲ್ಪ ಮಡಚಿಕೊಂಡೇ. ಮಗಳು ಹಿಂದಿನಿಂದ ‘ಬ್ರೇಕ್, ಬ್ರೇಕ್’ ಎನ್ನುತ್ತಿದ್ದಳು. ಹತ್ತುವಾಗ ಅದೇ ಏದುಸಿರು. ಇಂದು ಬೆಳಿಗ್ಗೆ ಕಚೇರಿಯ ಮೆಟ್ಟಿಲನ್ನು ನೇರವಾಗಿಯೇ ಇಳಿದೆ. ನಾಳೆ ನೋಡಬೇಕು.

ಕೀಲೆಣ್ಣೆ

ನಾಳೆಯೂ ಅಷ್ಟು ಇರಲಾರದು. ಒಮ್ಮೆ ಈ ಏಟು ತಿಂದ ಮಾಂಸಖಂಡ ಕೆಲವು ವಾರ ನೆನಪಿಟ್ಟುಕೊಳ್ಳುತ್ತದೆ, ಅದೇ ಕೆಲಸಕ್ಕೆ ಎರಡನೇ ಸಲ ಅಷ್ಟು ನೋಯುವುದಿಲ್ಲ. ವರ್ಷ ಬಿಟ್ಟು ಹೋದರೆ ಮತ್ತೆ ಮೊದಲಿನಿಂದ.

ದೊಡ್ಡಮಗ

ತಕ್ಕಡಿಯನ್ನು ಅಟ್ಟದಿಂದ ಇಳಿಸಿಯೇ ತೋರಿಸಿದೆ. ಅಪ್ಪ ಮಾತಾಡಲಿಲ್ಲ. ಮರುದಿನ ಬೆಳಗಿನ ಜಾವ, ಯಾರೂ ಏಳುವ ಮೊದಲು, ಅಂಗಳದಲ್ಲಿ ಎಡಗೈಯಲ್ಲಿ ಕೋಲು ಹಿಡಿದು ಓಡಾಡುತ್ತಿದ್ದರು. ಈಗ ಡೈರಿಗೂ ಹಾಗೇ ಹೋಗುತ್ತಾರೆ. ಒಂದೇ ತೊಂದರೆ, ಹಾಲಿನ ಕ್ಯಾನ್ ಇಷ್ಟು ದಿನ ಎಡಗೈಯಲ್ಲಿತ್ತು, ಅದು ಈಗ ನೋವಿರುವ ಬಲಗಡೆಗೆ ಬಂದಿದೆ. ಐದು ಲೀಟರ್. ನಾನು ತರುತ್ತೇನೆ ಎಂದರೆ ಕೊಡುವುದಿಲ್ಲ.

ಕೀಲೆಣ್ಣೆ

ಬಲಗೈಯಲ್ಲೇ ಇರಲಿ. ಎಡಗೈಯಲ್ಲಿ ಹಿಡಿದಿದ್ದಾಗ ಐದು ಲೀಟರನ್ನು ತಕ್ಕಡಿಯ ಉದ್ದ ಕಡೆಗೆ ನೇತುಹಾಕಿದ್ದರು. ಈಗ ಗಿಡ್ಡ ಕಡೆಗೆ ಹಾಕಿದ್ದಾರೆ. ತಕ್ಕಡಿ ಇಳಿಸಿದವರು ನೀವು, ಲೆಕ್ಕ ಅವರಿಗೇ ಮೊದಲು ಹೊಳೆದ ಹಾಗಿದೆ.